5 ದಿನದ ಮಲ್ಟಿ ಎಂಜಿನ್ ಕೋರ್ಸ್: ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

1/9

"5 ದಿನದಲ್ಲಿ ಮಲ್ಟಿ ಎಂಜಿನ್ ರೇಟಿಂಗ್ ಕೊಡ್ತಾರಂತೆ, ಸೇರ್ಲಾ ಬೇಡ್ವಾ?"

ಪೈಲಟ್ ಆಗೋಕೆ ಹೊರಟಿರೋ ನಮ್ಮ ಹುಡುಗ ಹುಡುಗಿಯರಲ್ಲಿ ತುಂಬಾ ಜನರ ತಲೇಲಿರೋ ಪ್ರಶ್ನೆ ಇದು. ಹೂಂ ಅಥವಾ ಊಹೂಂ ಅಂತ ಒಂದೇ ಪದದಲ್ಲಿ ಉತ್ತರ ಕೊಟ್ರೆ ಮೋಸ ಆಗುತ್ತೆ. ಅದಕ್ಕೇ ಒಂಬತ್ತು ಪೋಸ್ಟ್.

ಗೊತ್ತಿಲ್ಲದವರಿಗೆ ಮೊದಲು ಹಿನ್ನೆಲೆ. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದ್ರೆ ಸಿಪಿಎಲ್ ಸಿಗಬೇಕಾದ್ರೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್ ಆಗಿರಬೇಕು. ಈ ಗಂಟೆಗಳಲ್ಲಿ ಹೆಚ್ಚಿನವು ಸೆಸ್ನಾ 172 ತರದ ಒಂದೇ ಎಂಜಿನ್ ವಿಮಾನದಲ್ಲಿ ಕಳೆದುಹೋಗುತ್ತವೆ. ಆದ್ರೆ ನೀವು ಕನಸು ಕಾಣೋ ಎ320, 737, ಎಟಿಆರ್ 72 ಎಲ್ಲಕ್ಕೂ ಎರಡು ಎಂಜಿನ್. ಏರ್‌ಲೈನ್ ಬಾಗಿಲು ತಟ್ಟೋ ಮುಂಚೆ ಮಲ್ಟಿ ಎಂಜಿನ್ ರೇಟಿಂಗ್ ಕೈಲಿರಬೇಕು.

ಇದನ್ನ 3 ದಿನದಿಂದ 1 ವಾರದೊಳಗೆ ಮುಗಿಸಿಕೊಡೋ ‘ಆಕ್ಸಲರೇಟೆಡ್’ ಕೋರ್ಸ್‌ಗಳು ಅಮೆರಿಕದಲ್ಲಿ, ಅದರಲ್ಲೂ ಫ್ಲೋರಿಡಾ ಕಡೆ, ಬೇಕಾದಷ್ಟಿವೆ. ತರಬೇತಿಗೆ ಅಂತ ಅಲ್ಲಿಗೆ ಹೋದ ಕನ್ನಡದ ಮಕ್ಕಳ ಮುಂದೆ ಈ ಜಾಹೀರಾತು ಬಂದೇ ಬರುತ್ತೆ.

ನನ್ನ ಅಭಿಪ್ರಾಯ ಈಗಲೇ ಹೇಳಿಬಿಡ್ತೀನಿ. ಕೋರ್ಸ್ ಎಷ್ಟು ದಿನದ್ದು ಅಂತ ನೋಡಿ ಆಯ್ಕೆ ಮಾಡಬೇಡಿ. ಮೂರು ವಿಷಯ ನೋಡಿ: ನೀವು ಎಷ್ಟು ತಯಾರಾಗಿ ಹೋಗ್ತೀರಿ, ಅಲ್ಲಿ ಎಷ್ಟು ಸಲ ನಿಮ್ಮ ಕೈಯಲ್ಲಿ ಒಂದು ಎಂಜಿನ್ ‘ಸಾಯುತ್ತೆ’, ಕಲಿತದ್ದನ್ನ ಆಮೇಲೆ ಹೇಗೆ ಉಳಿಸಿಕೊಳ್ತೀರಿ. ಈ ಮೂರಕ್ಕೂ ಉತ್ತರ ಇದ್ರೆ 5 ದಿನ ಸಾಕು. ಇಲ್ಲದಿದ್ರೆ 5 ವಾರ ಇದ್ರೂ ಸಾಲಲ್ಲ.

2/9

ಮೊದಲು ಆಕ್ಸಲರೇಟೆಡ್ ಕೋರ್ಸ್ ಪರವಾಗಿ ಮಾತಾಡ್ತೀನಿ. "ಅವಸರವೇ ಅಪಘಾತಕ್ಕೆ ಕಾರಣ" ಅಂತ ರಸ್ತೆ ಬದಿ ಬೋರ್ಡ್ ಓದಿ ಬೆಳೆದವರು ನಾವು. ಬೇಗ ಮುಗಿಯೋ ಕೋರ್ಸ್ ಅಂದ ತಕ್ಷಣ ಅನುಮಾನ ಬರುತ್ತೆ. ಆದ್ರೆ ಹಾರಾಟದ ಕಲಿಕೆಯಲ್ಲಿ ನಿಧಾನ ಅಂದ್ರೆ ಒಳ್ಳೇದು ಅಂತೇನೂ ಇಲ್ಲ.

ವಾರಕ್ಕೊಂದು ಸಲ ಹಾರೋರನ್ನ ನೋಡಿ. ಪ್ರತಿ ಪಾಠದ ಮೊದಲ ಇಪ್ಪತ್ತು ನಿಮಿಷ ಹೋದ ವಾರ ಕಲಿತದ್ದನ್ನ ನೆನಪು ಮಾಡ್ಕೊಳ್ಳೋದಕ್ಕೇ ಹೋಗುತ್ತೆ. ಮಧ್ಯೆ ಮಳೆ ಬಂತು, ವಿಮಾನ ಮೇಂಟೆನೆನ್ಸ್‌ಗೆ ಹೋಯ್ತು, ಇನ್‌ಸ್ಟ್ರಕ್ಟರ್ ಬೇರೆ ಕೆಲಸಕ್ಕೆ ಹೋದ್ರು ಅಂದ್ರೆ ಹತ್ತು ಗಂಟೆಯ ಕೋರ್ಸ್ ಹದಿನೈದು ಗಂಟೆ ಆಗುತ್ತೆ. ಎರಡು ಎಂಜಿನ್ ವಿಮಾನದ ಗಂಟೆ ದರ ಒಂದು ಎಂಜಿನ್‌ನದ್ದಕ್ಕಿಂತ ಬಹಳ ಜಾಸ್ತಿ. ಆ ಹೆಚ್ಚುವರಿ ಐದು ಗಂಟೆ ಹೋಗೋದು ನಿಮ್ಮ ಜೇಬಿಂದಲೇ.

ದಿನಾ ಎರಡು ಸಲ ಹಾರಿದ್ರೆ ಕೈಗೆ ಹಿಡಿತ ಬೇಗ ಬರುತ್ತೆ, ಇದು ನಿಜ. ತಲೆಗೆ ಬೇರೆ ಯೋಚನೆ ಇರಲ್ಲ. ಬೆಳಿಗ್ಗೆ ಮಾಡಿದ ತಪ್ಪನ್ನ ಸಂಜೆನೇ ತಿದ್ದಿಕೊಳ್ಳಬಹುದು.

ಹಾಗಾದ್ರೆ ತೊಂದರೆ ಎಲ್ಲಿ? ಸಿಇಟಿ ಕ್ರ್ಯಾಶ್ ಕೋರ್ಸ್ ನೆನಪಿಸ್ಕೊಳ್ಳಿ. ಎರಡು ವರ್ಷ ಓದಿದ ಮಕ್ಕಳಿಗೆ ಅದು ರಾಮಬಾಣ. ಓದದವರಿಗೆ ಅದು ಬರೀ ಫೀಸ್ ರಸೀದಿ. ಇಲ್ಲೂ ಹಾಗೇ. ವ್ಯತ್ಯಾಸ ಒಂದೇ: ಸಿಇಟಿ ಕೆಟ್ರೆ ಮುಂದಿನ ವರ್ಷ ಮತ್ತೆ ಬರೀಬಹುದು.

3/9

ಎರಡು ಎಂಜಿನ್ ಇದ್ರೆ ಎರಡು ಪಟ್ಟು ಸುರಕ್ಷಿತ. ಹೀಗಂತ ಮನೇಲಿ ಅಪ್ಪ ಅಮ್ಮ ಸಮಾಧಾನ ಪಡ್ತಾರೆ. ಪ್ರಯಾಣಿಕರ ದೊಡ್ಡ ವಿಮಾನಕ್ಕೆ ಆ ಮಾತು ಸರಿ. ಅವು ಒಂದೇ ಎಂಜಿನ್‌ನಲ್ಲೂ ಟೇಕಾಫ್ ಮುಂದುವರಿಸಿ ಮೇಲೇರಬಲ್ಲವು ಅಂತ ಸಾಬೀತು ಮಾಡಿದ ಮೇಲೇ ಅನುಮತಿ ಸಿಗೋದು. ತರಬೇತಿಯ ಸಣ್ಣ ಜೋಡಿ ಎಂಜಿನ್ ವಿಮಾನದ ಲೆಕ್ಕ ಬೇರೆ.

ಒಂದು ಎಂಜಿನ್ ನಿಂತ್ರೆ ಶಕ್ತಿ ಅರ್ಧ ಕಮ್ಮಿ ಆಗುತ್ತೆ, ಸರಿ. ಆದ್ರೆ ಮೇಲೇರೋ ಸಾಮರ್ಥ್ಯ? ಶೇಕಡಾ 80 ಅಥವಾ ಅದಕ್ಕೂ ಹೆಚ್ಚು ಹೋಗಿಬಿಡುತ್ತೆ. ಯಾಕಂದ್ರೆ ಮಟ್ಟವಾಗಿ ಹಾರೋದಕ್ಕೇ ಒಂದಿಷ್ಟು ಶಕ್ತಿ ಬೇಕು. ಅದು ಕಳೆದು ಉಳಿದದ್ದರಲ್ಲಿ ಮಾತ್ರ ವಿಮಾನ ಮೇಲೇರೋದು. ಸಂಬಳ ಅರ್ಧ ಆದ್ರೆ ಉಳಿತಾಯ ಅರ್ಧ ಆಗಲ್ಲ, ಪೂರ್ತಿ ಮಾಯ ಆಗುತ್ತಲ್ಲ, ಹಾಗೆ.

6,000 ಪೌಂಡ್‌ವರೆಗಿನ, ಕಮ್ಮಿ ವೇಗದಲ್ಲಿ ಸ್ಟಾಲ್ ಆಗೋ ಸಣ್ಣ ಟ್ವಿನ್‌ಗಳು ಒಂದೇ ಎಂಜಿನ್‌ನಲ್ಲಿ ಮೇಲೇರಲೇಬೇಕು ಅನ್ನೋ ಷರತ್ತು ಹಳೆಯ ಅಮೆರಿಕನ್ ಪ್ರಮಾಣೀಕರಣ ನಿಯಮದಲ್ಲಿ ಇರಲೇ ಇಲ್ಲ. ಫ್ಲೈಯಿಂಗ್ ಸ್ಕೂಲುಗಳ ಅಚ್ಚುಮೆಚ್ಚಿನ ಪೈಪರ್ ಸೆಮಿನೋಲ್ ತೂಕ 3,800 ಪೌಂಡ್.

ಇನ್ನೊಂದು ಅಪಾಯ: ಒಂದು ಕಡೆ ಎಂಜಿನ್ ಪೂರ್ತಿ ಎಳೀತಿದೆ, ಇನ್ನೊಂದು ಕಡೆ ಸತ್ತಿದೆ. ವಿಮಾನ ಸತ್ತ ಕಡೆಗೆ ತಿರುಗುತ್ತೆ, ಆ ಕಡೆಗೇ ಹೊರಳುತ್ತೆ. ರಡ್ಡರ್ ಒತ್ತಿ ತಡೀಬೇಕು. ವೇಗ ಒಂದು ಮಿತಿಗಿಂತ ಕೆಳಗಿಳಿದ್ರೆ ರಡ್ಡರ್ ಪೂರ್ತಿ ಒತ್ತಿದ್ರೂ ಸಾಲಲ್ಲ. ಆ ಮಿತಿಗೆ ವಿಎಂಸಿ ಅಂತಾರೆ. ಸ್ಪೀಡ್ ಮೀಟರ್ ಮೇಲೆ ಅದು ಕೆಂಪು ಗೆರೆ. ಸೆಮಿನೋಲ್‌ನಲ್ಲಿ 56 ನಾಟ್. ಒಂದೇ ಎಂಜಿನ್‌ನಲ್ಲಿ ಆದಷ್ಟು ಚೆನ್ನಾಗಿ ಮೇಲೇರೋ ವೇಗ ನೀಲಿ ಗೆರೆ, 88 ನಾಟ್. ಈ ಎರಡು ಗೆರೆಗಳ ಮಧ್ಯೆ ಏನು ಮಾಡ್ತೀರಿ ಅನ್ನೋದೇ ಮಲ್ಟಿ ಎಂಜಿನ್ ತರಬೇತಿಯ ತಿರುಳು.

4/9

ಈಗ ನಮ್ಮೂರಿನ ಲೆಕ್ಕ ಮಾಡೋಣ. ಪೆನ್ನು ತಗೊಳ್ಳಿ.

ಪೂರ್ತಿ ತೂಕದ ಸೆಮಿನೋಲ್ ಒಂದೇ ಎಂಜಿನ್‌ನಲ್ಲಿ ಏರಬಲ್ಲ ಮಿತಿ ಸುಮಾರು 3,800 ಅಡಿ. ಅದನ್ನ ಸಿಂಗಲ್ ಎಂಜಿನ್ ಸರ್ವಿಸ್ ಸೀಲಿಂಗ್ ಅಂತಾರೆ. ಅಲ್ಲಿ ನಿಮಿಷಕ್ಕೆ ಬರೀ 50 ಅಡಿ ಏರುತ್ತೆ, ಇನ್ನೂ ಮೇಲೆ ಹೋದ್ರೆ ಅದೂ ಇಲ್ಲ. ಆದ್ರೆ ಈ ಅಡಿ ಗಾಳಿಯ ಸಾಂದ್ರತೆಯ ಲೆಕ್ಕದ್ದು, ಅಂದ್ರೆ ಡೆನ್ಸಿಟಿ ಆಲ್ಟಿಟ್ಯೂಡ್. ಬಿಸಿ ಗಾಳಿ ತೆಳು, ವಿಮಾನಕ್ಕೆ ಇನ್ನೂ ಎತ್ತರದಲ್ಲಿ ಇದ್ದ ಹಾಗೆ ಭಾಸ.

ಬೆಂಗಳೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಉಷ್ಣತೆ 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದೆ ಅನ್ಕೊಳ್ಳಿ. ವ್ಯತ್ಯಾಸ 25. ಒಂದು ಡಿಗ್ರಿಗೆ 120 ಅಡಿ ಅನ್ನೋದು ಪೈಲಟ್‌ಗಳ ಅಂದಾಜು ಸೂತ್ರ. 25 ಗುಣಿಸು 120, ಅಂದ್ರೆ 3,000. ನೆಲದ 3,000 ಸೇರಿಸಿದ್ರೆ 6,000 ಅಡಿ.

ಜಕ್ಕೂರಿನ ರನ್‌ವೇ ಮೇಲೆ ನಿಂತಿರುವಾಗಲೇ ವಿಮಾನಕ್ಕೆ 6,000 ಅಡಿಯ ಗಾಳಿ. ಮಿತಿ 3,800. ಅಂಥ ಮಧ್ಯಾಹ್ನ, ಪೂರ್ತಿ ತೂಕದಲ್ಲಿ, ಟೇಕಾಫ್ ಆದ ತಕ್ಷಣ ಒಂದು ಎಂಜಿನ್ ಹೋದ್ರೆ ಆ ವಿಮಾನ ಮೇಲೇರಲ್ಲ. ನೀವು ಎಷ್ಟೇ ಚೆನ್ನಾಗಿ ಓಡಿಸಿದ್ರೂ ನಿಧಾನಕ್ಕೆ ಕೆಳಗಿಳಿಯುತ್ತೆ. ಆಗ ನಿಮ್ಮ ಕೆಲಸ ರೆಕ್ಕೆ ಮಟ್ಟವಾಗಿ, ವೇಗ ಬಿಡದೆ, ಎದುರಿಗಿರೋ ಬಯಲಲ್ಲಿ ಇಳಿಸೋದು. ಮೂಗು ಎತ್ತಿ ಹಿಡಿದು ಕೆಂಪು ಗೆರೆ ದಾಟಿ ತಲೆಕೆಳಗಾಗೋದಲ್ಲ.

ಫ್ಲೋರಿಡಾದ ರನ್‌ವೇಗಳು ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲಿವೆ. ಅಲ್ಲಿ ಎಂಜಿನ್ ಹೋದ್ರೂ ಸೆಮಿನೋಲ್ ಒಂದಿಷ್ಟು ಏರುತ್ತೆ. ಐದು ದಿನ ಅದನ್ನೇ ನೋಡಿದ ಮನಸ್ಸು "ಎಂಜಿನ್ ಹೋದ್ರೆ ಏರಿ, ಸುತ್ತು ಹಾಕಿ, ಬಂದು ಇಳೀಬೇಕು" ಅಂತ ಕಲಿತುಬಿಡುತ್ತೆ. ಹಾಗಾಗಿ ಕೋರ್ಸ್ ಆರಿಸುವಾಗ ಈ ಲೆಕ್ಕವನ್ನ ಪ್ರತಿ ಟೇಕಾಫ್‌ಗೂ ಮುಂಚೆ ನಿಮ್ಮ ಕೈಲೇ ಮಾಡಿಸ್ತಾರಾ ಅಂತ ಕೇಳಿ. ಮಾಡಿಸದ ಕಡೆ ಹೋಗಬೇಡಿ.

5/9

ಎಂಜಿನ್ ಸತ್ತಾಗ ಮಾಡೋ ಡ್ರಿಲ್ ಕೇಳೋಕೆ ಸುಲಭ. ಮಿಕ್ಸ್ಚರ್, ಪ್ರೊಪೆಲ್ಲರ್, ಥ್ರಾಟಲ್ ಎಲ್ಲ ಮುಂದಕ್ಕೆ. ಫ್ಲಾಪ್ ಮೇಲೆ, ಗೇರ್ ಮೇಲೆ. ಆಮೇಲೆ ಗುರುತಿಸು, ಖಚಿತಪಡಿಸು, ಫೆದರ್ ಮಾಡು. ಯಾವ ಕಾಲಿಗೆ ಕೆಲಸ ಇಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ. ಆ ಕಡೆಯ ಥ್ರಾಟಲ್ ಹಿಂದಕ್ಕೆಳೀರಿ. ಏನೂ ಬದಲಾಗಲಿಲ್ಲ ಅಂದ್ರೆ ಖಚಿತ. ಆಮೇಲಷ್ಟೇ ಪ್ರೊಪೆಲ್ಲರ್ ಅಲಗನ್ನ ಗಾಳಿಗೆ ಅಡ್ಡ ನಿಲ್ಲದ ಹಾಗೆ ತಿರುಗಿಸೋದು, ಅದೇ ಫೆದರ್.

‘ಖಚಿತಪಡಿಸು’ ಅನ್ನೋ ಒಂದು ಪದಕ್ಕೆ ಎಷ್ಟು ಬೆಲೆ ಇದೆ ನೋಡಿ.

1989ರ ಜನವರಿ 8, ಇಂಗ್ಲೆಂಡಿನ ಕೆಗ್‌ವರ್ತ್. ಬ್ರಿಟಿಷ್ ಮಿಡ್‌ಲ್ಯಾಂಡ್‌ನ 737-400. ಕೆಟ್ಟಿದ್ದು ಎಡ ಎಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದ್ದು. 47 ಜನ ಹೋದ್ರು.

2015ರ ಫೆಬ್ರವರಿ 4, ತೈಪೆ. ಟ್ರಾನ್ಸ್‌ಏಷ್ಯಾದ ಎಟಿಆರ್ 72-600. ಟೇಕಾಫ್ ಆಗ್ತಿದ್ದ ಹಾಗೇ ಬಲ ಎಂಜಿನ್ ಫೆದರ್ ಆಯ್ತು, ನಿಲ್ಲಿಸಿದ್ದು ಚೆನ್ನಾಗಿದ್ದ ಎಡ ಎಂಜಿನ್. ಸುಮಾರು ಎರಡೇ ನಿಮಿಷದಲ್ಲಿ ವಿಮಾನ ಮೇಲ್ಸೇತುವೆಗೆ ತಾಗಿ ನದಿಗೆ ಬಿತ್ತು. ಇದ್ದ 58 ಜನರಲ್ಲಿ 43 ಜನ ಉಳೀಲಿಲ್ಲ. ಟೇಕಾಫ್ ನಂತರ ಎಂಜಿನ್ ಕೈಕೊಡೋ ಸಂದರ್ಭದಲ್ಲಿ ಆ ಕ್ಯಾಪ್ಟನ್ ತಡವರಿಸ್ತಾರೆ ಅಂತ ತರಬೇತಿ ದಾಖಲೆಯಲ್ಲೇ ಇತ್ತು, ತನಿಖಾ ವರದಿ ಇದನ್ನ ಎತ್ತಿ ತೋರಿಸಿತು.

ಅವರು ನಿನ್ನೆ ಮೊನ್ನೆ ಲೈಸೆನ್ಸ್ ತಗೊಂಡವರಲ್ಲ. ಸಾವಿರಾರು ಗಂಟೆ ಹಾರಿದವರು. ಗಾಬರಿಯ ಹೊತ್ತಲ್ಲಿ ಕೈ ತಾನಾಗೇ ಮಾಡೋದು ಮೊದಲು ಹೇಗೆ ರೂಢಿಯಾಯ್ತೋ ಹಾಗೆ. ಆ ರೂಢಿಯ ಮೊದಲ ಪದರ ಬೀಳೋದು ನೀವೀಗ ಆರಿಸ್ತಿರೋ ಕೋರ್ಸ್‌ನಲ್ಲಿ. "ಹೆಂಗೂ ಏರ್‌ಲೈನ್ ಸಿಮ್ಯುಲೇಟರ್‌ನಲ್ಲಿ ಮತ್ತೆ ಕಲಿಸ್ತಾರಲ್ಲ" ಅನ್ನೋ ವಾದ ನಾನು ಒಪ್ಪಲ್ಲ.

6/9

ಹಾಗಾದ್ರೆ ಐದು ದಿನದಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ?

ಅಮೆರಿಕದ ನಿಯಮ ಸಡಿಲ. ಸಿಂಗಲ್ ಎಂಜಿನ್ ಕಮರ್ಷಿಯಲ್ ಲೈಸೆನ್ಸ್ ಇರೋರು ಅದೇ ಮಟ್ಟದಲ್ಲಿ ಮಲ್ಟಿ ಎಂಜಿನ್ ಸೇರಿಸ್ಕೊಳ್ಳೋಕೆ ಎಫ್‌ಎಎ ಕನಿಷ್ಠ ಗಂಟೆ ಅಂತ ಇಟ್ಟಿಲ್ಲ. ಹೊಸ ಲಿಖಿತ ಪರೀಕ್ಷೆನೂ ಇಲ್ಲ. ಇನ್‌ಸ್ಟ್ರಕ್ಟರ್ ಸಹಿ ಹಾಕಿದ್ರೆ ಎಗ್ಸಾಮಿನರ್ ಮುಂದೆ ಮೌಖಿಕ ಮತ್ತು ಹಾರಾಟದ ಪರೀಕ್ಷೆ, ಅಷ್ಟೇ. ಅದಕ್ಕೇ ಇಷ್ಟು ಬೇಗ ಮುಗಿಯೋದು. ಮೋಸ ಏನೂ ಇಲ್ಲ, ಕಾನೂನೇ ಹಾಗಿದೆ.

ಸಿಗದೇ ಇರೋದು ನೆನಪಿನ ಆಯಸ್ಸು. ಜರ್ಮನಿಯ ಎಬ್ಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ: ಒಟ್ಟಿಗೆ ಗುಡ್ಡೆ ಹಾಕಿ ಕಲಿತದ್ದು ಬೇಗ ಜಾರುತ್ತೆ, ಬಿಡುವು ಕೊಟ್ಟು ಮತ್ತೆ ಮತ್ತೆ ತಿರುವಿ ಹಾಕಿದ್ದು ಉಳಿಯುತ್ತೆ. ಐದು ದಿನದ ಕೊನೆಗೆ ನೀವು ಪರೀಕ್ಷೆಗೆ ತಯಾರು. ಐದು ತಿಂಗಳ ನಂತರ ಆ ಡ್ರಿಲ್ ಕೈಯಲ್ಲಿರುತ್ತಾ?

ರೇಟಿಂಗ್ ಬಂದ ಮೇಲೆ ಬಾಡಿಗೆಗೆ ಟ್ವಿನ್ ತಗೊಂಡು ಅಭ್ಯಾಸ ಮಾಡ್ತೀನಿ ಅಂದ್ರೆ ಅದೂ ಕಷ್ಟ. ಹತ್ತು ಗಂಟೆ ಅನುಭವದವರ ಕೈಗೆ ಟ್ವಿನ್ ಒಬ್ಬರೇ ಓಡಿಸೋಕೆ ಕೊಡೋದನ್ನ ಇನ್ಶೂರೆನ್ಸ್ ಕಂಪನಿಗಳು ಸಾಮಾನ್ಯವಾಗಿ ಒಪ್ಪಲ್ಲ.

ಇದರ ಮೇಲೆ ನಮ್ಮ ಡಿಜಿಸಿಎ. ಅಲ್ಲಿನ ಲೈಸೆನ್ಸ್ ಇಲ್ಲಿ ತಾನಾಗೇ ನಡೆಯಲ್ಲ, ಕನ್ವರ್ಷನ್ ಆಗಬೇಕು. ಅದಕ್ಕೆ ಇಲ್ಲಿನ ಪರೀಕ್ಷೆ ಬರೀಬೇಕು. ಸ್ಕಿಲ್ ಟೆಸ್ಟ್, ಇನ್‌ಸ್ಟ್ರುಮೆಂಟ್ ಚೆಕ್‌ಗಳಿಗೆ ಕಾಲಮಿತಿ ಇರುತ್ತೆ. ಮಲ್ಟಿ ಮುಗಿಸಿ ಬಂದು ಪರೀಕ್ಷೆಗಾಗಿ ಒಂದು ವರ್ಷ ಮನೇಲಿ ಕೂತ್ರೆ ಅದೇ ಹಾರಾಟಕ್ಕೆ ಮತ್ತೊಮ್ಮೆ ದುಡ್ಡು ಸುರೀಬೇಕಾಗಬಹುದು. ಹಾಗಾಗಿ ಡಿಜಿಸಿಎ ಪೇಪರ್‌ಗಳನ್ನ ಮೊದಲು ಮುಗಿಸಿ, ಮಲ್ಟಿಯನ್ನ ಆದಷ್ಟು ಕೊನೆಗೆ ಇಟ್ಕೊಳ್ಳಿ. ನಿಯಮ ಬದಲಾಗ್ತಿರುತ್ತೆ. ಏಜೆಂಟ್ ಬಾಯಿಮಾತು ಬೇಡ, ಡಿಜಿಸಿಎಯ ಸಿಎಆರ್ ಸೆಕ್ಷನ್ 7 ನೀವೇ ಕೂತು ಓದಿ.

7/9

ಯಾವ ವಿಮಾನದಲ್ಲಿ ಕಲೀಬೇಕು? ಇದನ್ನ ಫೋಟೋ ನೋಡಿ ತೀರ್ಮಾನ ಮಾಡಬೇಡಿ.

ಸೆಮಿನೋಲ್: 180 ಅಶ್ವಶಕ್ತಿಯ ಎರಡು ಪೆಟ್ರೋಲ್ ಎಂಜಿನ್. ಥ್ರಾಟಲ್, ಪ್ರೊಪೆಲ್ಲರ್, ಮಿಕ್ಸ್ಚರ್ ಅಂತ ಆರು ಲಿವರ್. ತಪ್ಪು ಲಿವರ್ ಎಳೆಯೋ ಸಾಧ್ಯತೆ ನಿಜವಾಗಿಯೂ ಇರೋದ್ರಿಂದ ಶಿಸ್ತು ಚೆನ್ನಾಗಿ ಬರುತ್ತೆ. ಒಂದು ಸೂಕ್ಷ್ಮ: ಪ್ರೊಪೆಲ್ಲರ್ 950 ಆರ್‌ಪಿಎಂಗಿಂತ ಕೆಳಗಿಳಿದ್ರೆ ಫೆದರ್ ಆಗೋದೇ ಇಲ್ಲ. ಇದರ ಎರಡು ಪ್ರೊಪೆಲ್ಲರ್ ವಿರುದ್ಧ ದಿಕ್ಕಿಗೆ ತಿರುಗೋದ್ರಿಂದ ‘ಕ್ರಿಟಿಕಲ್ ಎಂಜಿನ್’ ಅನ್ನೋದಿಲ್ಲ, ಯಾವುದು ಹೋದ್ರೂ ಕಷ್ಟ ಒಂದೇ. ಎರಡೂ ಬಲಕ್ಕೆ ತಿರುಗೋ ವಿಮಾನಗಳಲ್ಲಿ ಎಡಗಡೆಯದು ಹೋದ್ರೆ ಹೆಚ್ಚು ಕಷ್ಟ. ಆ ಪಾಠವನ್ನ ನೀವು ಪುಸ್ತಕದಿಂದ ತುಂಬಿಕೊಳ್ಳಬೇಕು.

ಡೈಮಂಡ್ ಡಿಎ42: ಭಾರತದ ಶಾಲೆಗಳಲ್ಲೂ ಕಾಣಸಿಗುತ್ತೆ, ಇಗ್ರುವಾದಲ್ಲೂ ಇದೆ. ಜೆಟ್ ಇಂಧನ ಕುಡಿಯೋ ಎಂಜಿನ್, ಒಂದು ಎಂಜಿನ್‌ಗೆ ಒಂದೇ ಲಿವರ್, ಉಳಿದದ್ದನ್ನ ಕಂಪ್ಯೂಟರ್ ನೋಡ್ಕೊಳ್ಳುತ್ತೆ. ಫೆದರ್ ಮಾಡೋಕೆ ಎಂಜಿನ್ ಮಾಸ್ಟರ್ ಸ್ವಿಚ್ ಆಫ್ ಮಾಡಿದ್ರಾಯ್ತು. ಮುಂದೆ ಜೆಟ್ ಓಡಿಸೋರಿಗೆ ಒಳ್ಳೆಯ ಅಡಿಪಾಯ. ಆದ್ರೆ ನಾಳೆ ಸೆನೆಕಾ ತರದ ಹಳೇ ಟ್ವಿನ್ ಹತ್ತಿದ್ರೆ ಆ ಆರು ಲಿವರ್ ಹೊಸದು. ಆಗ ಮತ್ತೆ ತರಬೇತಿ ತಗೊಳ್ಳಿ, ನಾಚಿಕೆ ಬೇಡ.

ಟೆಕ್ನಾಮ್ ಪಿ2006ಟಿ: ಪುಟ್ಟ ರೋಟಾಕ್ಸ್ ಎಂಜಿನ್‌ಗಳು, ಇಂಧನ ಖರ್ಚು ಕಮ್ಮಿ. ಮಿತಿಗಳನ್ನ ಅರಿತು ಕಲಿಸೋ ಗುರು ಇದ್ರೆ ಇದರಲ್ಲೂ ಚೆನ್ನಾಗೇ ಕಲೀಬಹುದು.

ನನ್ನ ಮಾತು ಇಷ್ಟೇ: ವಿಮಾನದ ಬ್ರ್ಯಾಂಡ್‌ಗಿಂತ ಶಾಲೆ ಹತ್ರ ಅಂಥವು ಎಷ್ಟಿವೆ ಅನ್ನೋದು ಮುಖ್ಯ. ಇರೋದೊಂದೇ ಟ್ವಿನ್ ಆದ್ರೆ, ಅದು ಎರಡನೇ ದಿನ ಹ್ಯಾಂಗರ್ ಸೇರಿದ್ರೆ ನಿಮ್ಮ ಐದು ದಿನದ ಕೋರ್ಸ್ ಹೋಟೆಲ್ ಬಿಲ್ ಆಗುತ್ತೆ.

8/9

ಸೇವ್ ಮಾಡ್ಕೊಳ್ಳೋ ಪೋಸ್ಟ್ ಇದು. ದುಡ್ಡು ಕಟ್ಟೋ ಮುಂಚೆ ಶಾಲೆಗೆ ಕೇಳಿ, ಉತ್ತರ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

1. ಐದನೇ ದಿನ ನಾನು ತಯಾರಾಗಿಲ್ಲ ಅಂದ್ರೆ ಏನು ಮಾಡ್ತೀರಿ? ಹೆಚ್ಚುವರಿ ಗಂಟೆಗೆ ದರ ಎಷ್ಟು?

2. ಜಾಹೀರಾತಿನ ಬೆಲೆಯಲ್ಲಿ ಎಗ್ಸಾಮಿನರ್ ಫೀ, ಪರೀಕ್ಷೆಗೆ ವಿಮಾನದ ಬಾಡಿಗೆ, ಇಂಧನ ಸೇರಿದೆಯಾ?

3. ಹಾರಾಟದಲ್ಲಿ ನಿಜವಾಗಿ ಒಂದು ಎಂಜಿನ್ ನಿಲ್ಲಿಸಿ, ಫೆದರ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿಸ್ತೀರಾ? ಅಥವಾ ಬರೀ ಪವರ್ ಕಮ್ಮಿ ಮಾಡಿ ತೋರಿಸ್ತೀರಾ?

4. ವಿಎಂಸಿ ಪಾಠ ಎಷ್ಟು ಎತ್ತರದಲ್ಲಿ? ಅಮೆರಿಕದ ಪರೀಕ್ಷಾ ಮಾನದಂಡದ ಪ್ರಕಾರ ಚೇತರಿಕೆ ನೆಲದಿಂದ 3,000 ಅಡಿಗಿಂತ ಮೇಲೇ ಮುಗೀಬೇಕು. ಇದಕ್ಕಿಂತ ಕಮ್ಮಿ ಹೇಳಿದ್ರೆ ಬಾಗಿಲು ಆ ಕಡೆ ಇದೆ.

5. ನನ್ನ ಇನ್‌ಸ್ಟ್ರಕ್ಟರ್‌ಗೆ ಇದೇ ಮಾದರಿಯಲ್ಲಿ ಎಷ್ಟು ಗಂಟೆ ಅನುಭವ? ಅಮೆರಿಕದ ನಿಯಮ ಕೇಳೋದು ಕನಿಷ್ಠ 5 ಗಂಟೆ ಮಾತ್ರ! ನೀವು ಅದಕ್ಕಿಂತ ಬಹಳ ಹೆಚ್ಚು ಕೇಳಿ. ಐದೂ ದಿನ ಅದೇ ವ್ಯಕ್ತಿ ಇರ್ತಾರಾ?

6. ಒಂದೇ ಎಂಜಿನ್‌ನಲ್ಲಿ ಇನ್‌ಸ್ಟ್ರುಮೆಂಟ್ ಅಪ್ರೋಚ್ ಸೇರಿದೆಯಾ? ಅದಿಲ್ಲದೆ ಇನ್‌ಸ್ಟ್ರುಮೆಂಟ್ ಹಕ್ಕು ಟ್ವಿನ್‌ಗೆ ಸಿಗಲ್ಲ.

7. ಒಂದೆರಡು ತಿಂಗಳ ನಂತರ ಎರಡು–ಮೂರು ಗಂಟೆ ಮರು ಅಭ್ಯಾಸಕ್ಕೆ ಬಂದ್ರೆ ವಿಮಾನ ಮತ್ತು ಇನ್‌ಸ್ಟ್ರಕ್ಟರ್ ಸಿಗ್ತಾರಾ?

"ನೂರಕ್ಕೆ ನೂರು ಪಾಸ್ ಗ್ಯಾರಂಟಿ" ಅಂದ್ರೆ ಎದ್ದು ಬನ್ನಿ. ಪೂರ್ತಿ ಫೀಸ್ ಮುಂಗಡ ಕೇಳಿದ್ರೂ ಅಷ್ಟೇ. ಹಾರಿದಷ್ಟಕ್ಕೆ ಕಟ್ಟೋದು ಒಳ್ಳೆಯ ಪದ್ಧತಿ. ಮುಂಗಡ ಕಟ್ಟಿದ ಮೇಲೆ ಶಾಲೆಯೇ ಬಾಗಿಲು ಹಾಕಿದ್ರೆ ಆ ದುಡ್ಡು ವಾಪಸ್ ಬರೋದು ಬಹಳ ಕಷ್ಟ.

9/9

ಕೊನೆಗೆ ತೀರ್ಮಾನ ಹೇಗೆ ಮಾಡೋದು?

ಒಂದು ಪರೀಕ್ಷೆ ಹೇಳ್ತೀನಿ, ಖರ್ಚಿಲ್ಲ. ಮನೇಲಿ ಕುರ್ಚಿ ಮೇಲೆ ಕೂತು, ಕಣ್ಣು ಮುಚ್ಚಿ, ಟೇಕಾಫ್‌ನಲ್ಲಿ ಎಡ ಎಂಜಿನ್ ಹೋಯ್ತು ಅಂತ ಅಂದ್ಕೊಳ್ಳಿ. ಯಾವ ಕಾಲು, ಯಾವ ಲಿವರ್, ಯಾವ ವೇಗ ಅಂತ ಬಾಯಲ್ಲಿ ಹೇಳ್ತಾ ಕೈ ಆಡಿಸಿ. ಚಕ್ರ ಇನ್ನೂ ರನ್‌ವೇ ಮೇಲಿದ್ರೆ ಏನು? ಮೇಲೆದ್ದು ಗೇರ್ ಇನ್ನೂ ಕೆಳಗಿದ್ದು ರನ್‌ವೇ ಬಾಕಿ ಇದ್ರೆ ಏನು? ಗೇರ್ ಎತ್ತಿ ಆಗಿದ್ರೆ ಏನು? ಆ ವಿಮಾನದ ಕೈಪಿಡಿ ತರಿಸಿಕೊಂಡು ಎರಡು ವಾರ ದಿನಾ ಅರ್ಧ ಗಂಟೆ ಹೀಗೆ ಮಾಡಿ. ಇಂಧನ ಕ್ರಾಸ್‌ಫೀಡ್, ಗೇರ್ ಕೈಕೊಟ್ಟಾಗ ಇಳಿಸೋ ವಿಧಾನ, ಎಲ್ಲ ವೇಗಗಳು ಬಾಯಿಪಾಠ ಆಗಲಿ.

ತಡವರಿಸದೆ ಹೇಳೋಕೆ ಬಂತಾ? ಸಿಂಗಲ್ ಎಂಜಿನ್‌ನಲ್ಲಿ, ಇನ್‌ಸ್ಟ್ರುಮೆಂಟ್‌ನಲ್ಲಿ ಇತ್ತೀಚೆಗೆ ಹಾರಿದ್ದೀರಾ? ಎರಡು ದಿನ ಮತ್ತು ಎರಡು–ಮೂರು ಗಂಟೆಯ ದುಡ್ಡು ಹೆಚ್ಚಿಗೆ ಕೈಲಿದೆಯಾ? ಹಾಗಾದ್ರೆ 5 ದಿನದ ಕೋರ್ಸ್ ಧೈರ್ಯವಾಗಿ ತಗೊಳ್ಳಿ, ಅದು ನಿಮ್ಮಂಥವರಿಗೇ ಮಾಡಿದ್ದು.

ಈ ಮೂರರಲ್ಲಿ ಒಂದಕ್ಕೆ ಇಲ್ಲ ಅಂತ ಬಂದ್ರೂ ಎರಡು–ಮೂರು ವಾರದ ಕೋರ್ಸ್ ಹುಡುಕಿ. ಗೆಳೆಯರು ನಿಮಗಿಂತ ಎರಡು ವಾರ ಮುಂಚೆ ಫೋಟೋ ಹಾಕ್ತಾರೆ, ಹಾಕ್ಲಿ ಬಿಡಿ. ಮೂವತ್ತು ವರ್ಷದ ಕೆಲಸಕ್ಕೆ ಎರಡು ವಾರ ಯಾವ ಲೆಕ್ಕ.

ಮನೆಯವರಿಗೂ ಒಂದು ಮಾತು. ಸೈಟ್ ಮಾರಿಯೋ, ತೋಟದ ಮೇಲೆ ಸಾಲ ಎತ್ತಿಯೋ ಓದಿಸ್ತಿರ್ತೀರಿ. "ಯಾವಾಗ ಮುಗಿಯುತ್ತೆ?" ಅಂತ ಫೋನಲ್ಲಿ ಕೇಳೋದು ಸಹಜ. ಮುಂದಿನ ಸಲ "ಇವತ್ತು ಎಂಜಿನ್ ಎಷ್ಟು ಸಲ ಫೇಲ್ ಆಯ್ತು, ಏನು ಮಾಡಿದೆ?" ಅಂತಲೂ ಕೇಳಿ. ಮಗ ಅಥವಾ ಮಗಳು ನಿಲ್ಲದೆ ವಿವರಿಸಿದ್ರೆ ನಿಮ್ಮ ದುಡ್ಡು ಸರಿಯಾದ ಕಡೆ ಹೋಗ್ತಿದೆ.

ಪೈಲಟ್ ಆಗಬೇಕು ಅಂತಿರೋ ಒಬ್ಬರಿಗೆ ಈ ಸರಣಿ ಕಳಿಸಿ. ಪ್ರಶ್ನೆ ಇದ್ರೆ ಕಾಮೆಂಟ್ ಮಾಡಿ. ಶಾಲೆಯ ಹೆಸರು ಮಾತ್ರ ಕೇಳಬೇಡಿ, ಆ ಏಳು ಪ್ರಶ್ನೆಗಳೇ ನಿಮಗೆ ಹೆಸರು ಹೇಳ್ತವೆ. ✈️

#ಪೈಲಟ್‌ಕನ್ನಡ #ಮಲ್ಟಿಎಂಜಿನ್ #ಸಿಪಿಎಲ್ #ಹಾರಾಟದಪಾಠ #ಕನ್ನಡದಲ್ಲಿವಿಮಾನ